ಎಡಗಡೆಯ ಸ್ಟೂಲು

ಅವರು ತೀರಿಕೊಂಡ ಮಾರನೆಯ ದಿನ ನಾನು ಅಂಗಡಿಯ ಶಟರ್ ಎತ್ತುವುದಕ್ಕೂ ಮುಂಚೆಯೇ ಚರ್ಚಿನ ಪಾಲನಾ ಸಮಿತಿಯ ಜೋಸೆಫಣ್ಣ ಬಂದು ನಿಂತಿದ್ದ. ಶ್ರದ್ಧಾಂಜಲಿಯ ಫ್ಲೆಕ್ಸ್ ಆಗಬೇಕಿತ್ತು. ಮೇಲೆ ಶಿಲುಬೆ, ನಡುವೆ ಗುರುಗಳ ನಗುಮುಖದ ಫೋಟೋ, ಕೆಳಗೆ ಎರಡು ಪದ: ಶಾಂತಿದೂತ, ಕ್ಷಮಾಮೂರ್ತಿ.

"ಕ್ಷಮಾಮೂರ್ತಿ ಅನ್ನೋದು ದೊಡ್ಡಕ್ಷರದಲ್ಲಿ ಬರ್ಲಿ ಅಕ್ಕ," ಅಂದ.

"ಯಾರು ಯಾರ್ನ ಕ್ಷಮಿಸಿದ್ರು ಅಂತ ಹಾಕ್ಲಿ?"

"ಬೆಳಿಗ್ ಬೆಳಿಗ್ಗೆನೇ ಸುರು ಅಚ್ಕೋಬ್ಯಾಡ ಕಣಕ್ಕ. ಸತ್ತೋಗವ್ರೆ, ಪಾಪ."

ಸತ್ತವರೆಲ್ಲ ಪಾಪವೇ. ಫ್ಲೆಕ್ಸ್ ಮಾಡಿಕೊಟ್ಟೆ. ಶಾಂತಿದೂತ ಎಂದು ಹಾಕಿದೆ, ಇನ್ನೊಂದು ಪದ ಬಿಟ್ಟುಬಿಟ್ಟೆ. ಕೇಳಿದ್ದಕ್ಕೆ ಜಾಗ ಸಾಲಲಿಲ್ಲ ಎಂದೆ. ಅವನಿಗೂ ಗೊತ್ತು, ನನಗೂ ಗೊತ್ತು, ಎಂಟಡಿ ಫ್ಲೆಕ್ಸಿನಲ್ಲಿ ಜಾಗಕ್ಕೇನು ಬರ.

ಆಮೇಲೆ ಒಂದು ವಾರ ಫೋನ್ ತೆಗೆದರೆ ಸಾಕು, ಅವರ ಗುಣಗಾನ. ಸಂತರಂತಿದ್ದರು, ನೊಣಕ್ಕೂ ನೋವು ಮಾಡಿದವರಲ್ಲ, ಮುರಿದ ಮನೆಗಳನ್ನು ಕೂಡಿಸಿದರು. ಓದೀ ಓದೀ ನನಗೆ ಮೈ ಉರಿಯಿತು. ಒಬ್ಬ ಮನುಷ್ಯನ ಬಗ್ಗೆ ಇಷ್ಟು ಜನ ಬರೆಯುವಾಗ ನಾನೂ ಬರೆಯುತ್ತೇನೆ. ಹೆಸರು ಹಾಕುವುದಿಲ್ಲ. ನರಸೀಪುರದ ಕಡೆಯವರಿಗೆ ಹಾಕದೆಯೂ ತಿಳಿಯುತ್ತದೆ, ಮಿಕ್ಕವರಿಗೆ ತಿಳಿದು ಆಗಬೇಕಾದ್ದೇನೂ ಇಲ್ಲ.

ನಾನು ಫಿಲೋಮಿನ. ನರಸೀಪುರದ ತಾಲ್ಲೂಕು ಆಫೀಸಿನ ಎದುರಿಗೆ ನನ್ನದೊಂದು ಡಿಟಿಪಿ ಅಂಗಡಿ. ಅರ್ಜಿ, ಬಾಂಡ್ ಪೇಪರ್, ಪಹಣಿ, ಜೆರಾಕ್ಸ್, ಮದುವೆ ಕಾರ್ಡು, ಫ್ಲೆಕ್ಸ್. ಬಾಯಿ ಜೋರು ಎಂದು ಹೆಸರಾಗಿದ್ದೇನೆ. ಬಾಯಿ ಜೋರಾಗಿದ್ದಕ್ಕೇ ಇಪ್ಪತ್ತು ವರ್ಷ ಒಬ್ಬಳೇ ನಿಂತು ಮಗಳನ್ನು ನರ್ಸಿಂಗ್ ಓದಿಸಿದೆ. ನನ್ನ ಎಡಗಿವಿ ಕೇಳುವುದಿಲ್ಲ. ಅದು ಹುಟ್ಟಿನಿಂದ ಬಂದದ್ದಲ್ಲ.

ಅವರು ನೋಡುವುದಕ್ಕೆ ಹೇಗಿದ್ದರು ಎಂದರೆ, ಎತ್ತರ, ಸಣಕಲು, ಬಾಚಿದ ತಲೆಯಲ್ಲಿ ಕೊಬ್ಬರಿ ಎಣ್ಣೆಯ ವಾಸನೆ. ಬಿಳಿ ನಿಲುವಂಗಿಯ ಅಂಚಿಗೆ ಯಾವಾಗಲೂ ಕೆಂಪು ಮಣ್ಣು. ಮಾತಿಗೆ ಮುಂಚೆ ಎರಡು ಕೈಯನ್ನೂ ಮಂಡಿಯ ಮೇಲೆ ಇಟ್ಟುಕೊಳ್ಳುವರು. ಯಾರು ಏನು ಕಷ್ಟ ಹೇಳಿಕೊಂಡು ಹೋದರೂ ಕೊನೆಗೆ ಒಂದೇ ಮಾತು: "ಆಯ್ತಲ್ಲಮ್ಮ, ಇನ್ನು ಮುಂದಕ್ಕೆ ನೋಡು." ದನ ಸತ್ತರೂ ಅದೇ, ಗಂಡ ಸತ್ತರೂ ಅದೇ. ನಮ್ಮವ್ವ ಇದನ್ನು ಕೇಳಿಕೊಂಡು ಬಂದು ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಸಮಾಧಾನವಾಗುತ್ತಿದ್ದಳು. ನನಗೆ ಮಾತ್ರ ಆ ಮಾತು ಕೇಳಿದರೆ ಹಿಂದಕ್ಕೆ ತಿರುಗಿ ಯಾರಿಗಾದರೂ ಎರಡು ಬಾರಿಸಬೇಕು ಎನಿಸುತ್ತಿತ್ತು.

ಜಗಳ ಬಿಡಿಸುವುದರಲ್ಲಿ ಎತ್ತಿದ ಕೈ ಎಂದು ಎಲ್ಲರೂ ಹೊಗಳುತ್ತಾರೆ. ಹೌದು, ಬಿಡಿಸುತ್ತಿದ್ದರು. ಇಬ್ಬರು ಅಣ್ಣತಮ್ಮಂದಿರು ನಾಲೆಯ ನೀರಿಗಾಗಿ ಸಲಿಕೆ ಎತ್ತಿಕೊಂಡು ನಿಂತಿದ್ದಾಗ ಇವರು ಹೋಗಿ ತೂಬಿನ ಕಲ್ಲಿನ ಮೇಲೆ ನಿಲುವಂಗಿಯಲ್ಲೇ ಕೂತುಬಿಟ್ಟರು. ಮಧ್ಯಾಹ್ನವಾಯಿತು, ಬಿಸಿಲು ನೆತ್ತಿಗೇರಿತು, ಇವರು ಏಳಲಿಲ್ಲ. ಕೊನೆಗೆ ಅವರಿಬ್ಬರೂ ಗುರುಗಳಿಗೆ ಎಲ್ಲಿ ತಲೆ ಸುತ್ತಿಬಿಡುತ್ತದೋ ಎಂದು ಹೆದರಿ ಸಲಿಕೆ ಕೆಳಗಿಟ್ಟರಂತೆ. ಇದು ಅವರ ಪಟ್ಟು. ಕೂತುಬಿಡುವುದು. ಕೂತು ಎದುರಿಗಿದ್ದವರನ್ನು ನಾಚಿಸುವುದು.

ಚರ್ಚಿನಲ್ಲೂ ಇದನ್ನೇ ಮಾಡುತ್ತಿದ್ದರು. ನಮ್ಮ ಪೂಜೆಯಲ್ಲಿ ಪ್ರಸಾದ ತೆಗೆದುಕೊಳ್ಳುವುದಕ್ಕೆ ಮುಂಚೆ ಒಬ್ಬರಿಗೊಬ್ಬರು ಶಾಂತಿ ಕೊಡುವ ಹೊತ್ತು ಒಂದಿದೆ. ಪಕ್ಕದಲ್ಲಿದ್ದವರ ಕಡೆ ತಿರುಗಿ, ಕೈ ಮುಗಿದು, ಶಾಂತಿ ಎಂದು ತಲೆ ಬಾಗಿಸಿದರೆ ಮುಗಿಯಿತು, ಅರ್ಧ ನಿಮಿಷದ ಕೆಲಸ. ಇವರು ಆ ಅರ್ಧ ನಿಮಿಷವನ್ನು ಪಂಚಾಯಿತಿ ಕಟ್ಟೆ ಮಾಡಿಬಿಟ್ಟರು. ಊರಿನಲ್ಲಿ ಯಾರು ಯಾರ ಹತ್ತಿರ ಮಾತು ಬಿಟ್ಟಿದ್ದಾರೆ ಎಂದು ಮೊದಲೇ ತಿಳಿದುಕೊಂಡಿರುವರು. ಹೆಸರು ಹಿಡಿದು ಇಬ್ಬರನ್ನೂ ಪೀಠದ ಮುಂದಕ್ಕೆ ಕರೆಯುವರು. "ಶಾಂತಿ ಕೊಡಿ. ನಾನು ಕಾಯ್ತೀನಿ," ಎಂದು ಕುರ್ಚಿಯ ಮೇಲೆ ಕೂತು ಮಂಡಿಯ ಮೇಲೆ ಕೈ ಇಟ್ಟುಕೊಳ್ಳುವರು. ಪೂಜೆ ನಿಂತಿತು. ಮನೆಯಲ್ಲಿ ಒಲೆಯ ಮೇಲೆ ಸಾರಿಟ್ಟು ಬಂದ ಹೆಂಗಸರು, ಬಸ್ಸಿಗೆ ಹೋಗಬೇಕಾದ ಗಂಡಸರು ಎಲ್ಲರೂ ಆ ಇಬ್ಬರನ್ನು ನುಂಗುವ ಹಾಗೆ ನೋಡುವರು. ಆ ನೋಟ ತಡೆಯಲಾರದೆ ಕೈ ಮುಗಿಯುವರು. ಆಗ ಇವರು ಚಪ್ಪಾಳೆ ತಟ್ಟುವರು, ಎಲ್ಲರೂ ತಟ್ಟುವರು. ಅದಕ್ಕೆ ಇವರು ಇಟ್ಟ ಹೆಸರು ಕ್ಷಮೆ.

ಆಗ ನನಗೆ ಇಪ್ಪತ್ತಮೂರು ವರ್ಷ. ಹುಲ್ಲಹಳ್ಳಿಗೆ ಕೊಟ್ಟಿದ್ದರು. ಗಂಡ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಕುಡಿದರೂ ಹೊಡೆಯುತ್ತಿದ್ದ, ಕುಡಿಯದಿದ್ದರೂ ಹೊಡೆಯುತ್ತಿದ್ದ. ಅವನ ವಿಷಯ ಇಷ್ಟು ಸಾಕು. ಅವನಿನ್ನೂ ಇದ್ದಾನೆ, ಇರಲಿ. ನಾನು ಮೂರು ವರ್ಷದ ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ನಮ್ಮವ್ವನ ಮನೆಗೆ ಬಂದುಬಿಟ್ಟಿದ್ದೆ. ಎರಡು ತಿಂಗಳಾಗಿತ್ತು. ಬೆನ್ನಿನ ಮೇಲಿನ ಬಾಸುಂಡೆ ಮಾಯ್ದು, ನಿದ್ದೆ ಬರಲು ಶುರುವಾಗಿತ್ತು.

ಗುರುಗಳು ಮೊದಲು ಮನೆಗೆ ಬಂದರು. ಅವ್ವ ಚಾಪೆ ಹಾಕಿ ಕಾಫಿ ಕೊಟ್ಟಳು. ನಾನು ಬಾಗಿಲ ಹಿಂದೆ ನಿಂತು, "ಒಡೀತಾನೆ ಫಾದರ್, ನಾನು ಓಗಲ್ಲ," ಅಂದೆ. ಅವರು ನಕ್ಕರು. ಅದೇ ಫ್ಲೆಕ್ಸಿನ ಮೇಲಿರುವ ನಗು. "ಕ್ಷಮಿಸಿದವಳೇ ದೊಡ್ಡವಳು ಫಿಲೋಮಿನ. ಅವನ ಹತ್ತಿರ ನಾನು ಮಾತಾಡಿದ್ದೀನಿ. ಅತ್ತುಬಿಟ್ಟ," ಅಂದರು. ಅವನು ಅಳುವುದನ್ನು ನಾನು ಇವರಿಗಿಂತ ಹೆಚ್ಚು ಸಲ ನೋಡಿದ್ದೆ.

ಮುಂದಿನ ಭಾನುವಾರ ಶಾಂತಿ ಕೊಡುವ ಹೊತ್ತಿಗೆ ನನ್ನ ಹೆಸರು ಕೂಗಿದರು. ತಿರುಗಿ ನೋಡಿದರೆ ಗಂಡಸರ ಸಾಲಿನಿಂದ ಅವನು ಎದ್ದು ಬರುತ್ತಿದ್ದಾನೆ, ಇಸ್ತ್ರಿ ಅಂಗಿ ಹಾಕಿಕೊಂಡು. ನಾನು ಏಳಲಿಲ್ಲ. ಇವರು ಕುರ್ಚಿಯ ಮೇಲೆ ಕೂತರು. "ನಾನು ಕಾಯ್ತೀನಿ." ಎಷ್ಟು ಹೊತ್ತೋ ಗೊತ್ತಿಲ್ಲ. ಹಿಂದಿನಿಂದ ಯಾರೋ ಬೆನ್ನಿಗೆ ತಿವಿದರು. ಅವ್ವ ಕಿವಿಯ ಹತ್ತಿರ ಬಂದು, "ಓಗವ್ವ, ಮಾನ ಕಳೀಬ್ಯಾಡ, ದೊಡ್ಡೋರು ಕರೀತಾವ್ರೆ," ಅಂದಳು. ಎಡಗಿವಿಗೆ ಅಂದಳು. ಆ ಕಿವಿ ಆಗ ಚೆನ್ನಾಗಿ ಕೇಳುತ್ತಿತ್ತು.

ಎದ್ದು ಹೋದೆ. ಅವನು ಕೈ ಮುಗಿದ, ನಾನೂ ಮುಗಿದೆ. ಗುರುಗಳು ಎದ್ದು ಬಂದು ನನ್ನ ಕೈ ಹಿಡಿದು ಅವನ ಕೈಗೆ ಕೊಟ್ಟರು. ಚರ್ಚೆಲ್ಲ ಚಪ್ಪಾಳೆ.

ನಾಲ್ಕು ತಿಂಗಳು. ಆಮೇಲೆ ಒಂದು ದಿನ ಅನ್ನ ಮೆತ್ತಗಾಗಿದೆ ಎಂದು ಕೈ ಬೀಸಿ ಕೆನ್ನೆಗೆ ಬಿಟ್ಟ. ಎಡಗಿವಿಯ ತಮಟೆ ಹರಿಯಿತು ಎಂದು ನಂಜನಗೂಡಿನ ಡಾಕ್ಟರು ಹೇಳಿದರು. ಕೀವು ತುಂಬಿ ಒಂದು ವರ್ಷ ಸೋರಿ, ಕೊನೆಗೆ ನಿಶ್ಶಬ್ದವಾಯಿತು. ಆ ಹೊತ್ತಿಗೆ ಗುರುಗಳಿಗೆ ವರ್ಗವಾಗಿತ್ತು. ಬೀಳ್ಕೊಡುಗೆಯಲ್ಲಿ ಅವರಿಗೆ ಗಂಧದ ಹಾರ ಹಾಕಿದರಂತೆ. ನಾನು ಆಸ್ಪತ್ರೆಯ ಬೆಂಚಿನ ಮೇಲಿದ್ದೆ.

ಅವನ ಮನೆಗೆ ಮತ್ತೆ ಕಾಲಿಡಲಿಲ್ಲ. ಆಮೇಲೆ ನನ್ನ ಪಾಡು ನನ್ನದು. ಟೈಪಿಂಗ್ ಕಲಿತೆ, ಒಬ್ಬರ ಅಂಗಡಿಯಲ್ಲಿ ಕೂತೆ, ಕೊನೆಗೆ ನನ್ನದೇ ಅಂಗಡಿ ಮಾಡಿದೆ. ಹದಿನಾಲ್ಕು ವರ್ಷ ಕಳೆದು ಇವರು ಮತ್ತೆ ನಮ್ಮ ಚರ್ಚಿಗೇ ಬಂದರು. ತಲೆ ನರೆತಿತ್ತು, ಸಕ್ಕರೆ ಕಾಯಿಲೆ ಹಿಡಿದಿತ್ತು. ವಾರ ವಾರ ಒಂದು ಹಾಳೆಯ ಚಿಂತನೆ ಬರೆಯುವುದು ಅಭ್ಯಾಸ. ವಿಶ್ವಾಸ, ಕ್ಷಮೆ, ಶಾಂತಿ, ಈ ಮೂರೇ ವಿಷಯ, ತಿರುಗಿಸಿ ತಿರುಗಿಸಿ. ಭಾನುವಾರ ಅದನ್ನೇ ಪೀಠದಲ್ಲಿ ಓದುವರು, ಆಮೇಲೆ ಜನಕ್ಕೆ ಹಂಚುವರು. ಕಾಗದವಿಲ್ಲದೆ ಅವರಿಗೆ ಪ್ರಸಂಗ ಮಾಡುವುದು ಬರುತ್ತಿರಲಿಲ್ಲ. ಕಾಗದ ಹಾರಿದರೆ ಬಾಯಿ ಕಟ್ಟಿಹೋಗುವ ಮನುಷ್ಯ. ಅದನ್ನು ಟೈಪ್ ಮಾಡಿಸಿ ಜೆರಾಕ್ಸ್ ತೆಗೆಸಲು ಒಂದು ಶುಕ್ರವಾರ ನನ್ನ ಅಂಗಡಿಯ ಮೆಟ್ಟಿಲು ಹತ್ತಿದರು.

ಗುರುತು ಸಿಕ್ಕಿತು. ಮುಖ ಅರಳಿತು. "ಫಿಲೋಮಿನ ಅಲ್ವಾ? ಯಜಮಾನ್ರು ಹೇಗಿದ್ದಾರಮ್ಮ?" ಅಂದರು.

ನಾನು ಜೆರಾಕ್ಸ್ ಮೆಷಿನ್ ನಿಲ್ಲಿಸಿದೆ. ಅಂಗಡಿಯಲ್ಲಿ ಬೇರೆ ಗಿರಾಕಿ ಇರಲಿಲ್ಲ. ಒಂದೂ ಬಿಡದೆ ಹೇಳಿದೆ. ಯಜಮಾನರು ಹೇಗಿದ್ದಾರೆ ಎಂದೂ ಹೇಳಿದೆ, ನನ್ನ ಕಿವಿ ಹೇಗಿದೆ ಎಂದೂ ಹೇಳಿದೆ. ಅವರು ಕನ್ನಡಕ ತೆಗೆದು ನಿಲುವಂಗಿಯ ಅಂಚಿನಲ್ಲಿ ಒರೆಸಿದರು. ಒರೆಸಿ ಒರೆಸಿ ಇನ್ನಷ್ಟು ಮಬ್ಬು ಮಾಡಿಕೊಂಡರು.

"ನನಗೆ ಗೊತ್ತಾಗ್ಲಿಲ್ಲಮ್ಮ. ಯಾರೂ ಹೇಳ್ಲಿಲ್ಲ."

"ನೀವು ಕೇಳ್ನಿಲ್ಲ."

"ಈಗ ನಾನು ಏನು ಮಾಡ್ಲಿ ಹೇಳು."

"ನನ್ನ ಮುಂದಕ್ಕೆ ಕರೆದು ಅವನ ಕೈಗೆ ಕೊಟ್ರಲ್ಲ, ಅದೇ ಜಾಗದಲ್ಲಿ ನಿಂತ್ಕೊಂಡು, ಅದೇ ಜನದ ಮುಂದೆ, ಅವತ್ತು ಮಾಡಿದ್ದು ತಪ್ಪು ಅಂತ ಏಳಿ. ಇಲ್ಲಿ ನನ್ನತ್ರ ಏಳ್ಬೇಡಿ. ಅಲ್ಲಿ ಏಳಿ."

ಕನ್ನಡಕ ಹಾಕಿಕೊಂಡರು. ಆಮೇಲೆ, "ಬರೀತೀನಿ," ಅಂದರು.

ಬರೀತೀನಿ ಎಂದವರು ಬರೆಯುತ್ತಾರೆ ಎಂದು ನಾನು ಕಾದೆ. ಪ್ರತಿ ಶುಕ್ರವಾರ. ಇಷ್ಟೆಲ್ಲ ಕೋಪವಿದ್ದವಳು ಅವರ ಹಾಳೆ ಯಾಕೆ ಟೈಪ್ ಮಾಡಿದೆ ಎಂದು ನನ್ನ ಮಗಳು ಕೇಳುತ್ತಾಳೆ. ಇದಕ್ಕೇ. ಆ ಸಾಲು ಬಂದರೆ ಅದು ಮೊದಲು ನನ್ನ ಕಣ್ಣಿಗೆ ಬೀಳಬೇಕು, ನನ್ನ ಕೈಯಿಂದಲೇ ಅಚ್ಚಾಗಬೇಕು. ಬೇರೇನೂ ಬೇಕಿರಲಿಲ್ಲ.

ಬರಲಿಲ್ಲ. ಏನೇನು ಬಂತು ಕೇಳಿ. ವಿಶ್ವಾಸ ಎಂದರೆ ನಾಲೆಯ ನೀರು ಎಂದು ಬಂತು. ಶಾಂತಿ ಒಂದು ವಾರ ಬಾವಿಯಾಯಿತು, ಇನ್ನೊಂದು ವಾರ ದೀಪವಾಯಿತು, ಮತ್ತೊಂದು ವಾರ ತೊಟ್ಟಿಲಾಯಿತು. ಕ್ಷಮೆಯ ಬಗ್ಗೆಯಂತೂ ಬಾಳೆಯ ಕಂದಿನಿಂದ ಹಿಡಿದು ಬಟ್ಟೆ ಒಗೆಯುವ ಕಲ್ಲಿನವರೆಗೆ ಎಲ್ಲವೂ ಬಂತು. ಕೋಳಿ ಕದ್ದವನನ್ನು ಕ್ಷಮಿಸಿದ ಮುದುಕಿಯ ಕಥೆ ವರ್ಷಕ್ಕೆ ಎರಡು ಸಲ ಬಂತು. ಫಿಲೋಮಿನಳ ಕಥೆ ಮಾತ್ರ ಬರಲಿಲ್ಲ.

ನಾನು ಸೇಡು ತೀರಿಸಿಕೊಳ್ಳುವ ದಾರಿ ಸಣ್ಣದು. ಅವರು ಬಂದರೆ ಕೂರಲು ಒಂದು ಸ್ಟೂಲು ಹಾಕುತ್ತಿದ್ದೆ, ನನ್ನ ಎಡಗಡೆಗೆ. ನನ್ನ ಒಂದು ಕಿವಿ ಹೋಗಿದೆ ಎಂದು ಅವರಿಗೆ ಗೊತ್ತು, ಯಾವ ಕಿವಿ ಎಂದು ಹೇಳಿರಲಿಲ್ಲ. ಅವರು ಅಲ್ಲಿ ಕೂತು ಮಂಡಿಯ ಮೇಲೆ ಕೈ ಇಟ್ಟುಕೊಂಡು ಏನೇನೋ ಹೇಳುವರು. ನನಗೆ ದೂರದಲ್ಲಿ ಹಿಟ್ಟಿನ ಗಿರಣಿ ಓಡಿದ ಹಾಗೆ ಕೇಳುತ್ತಿತ್ತು. ಮಾತು ನಿಂತಿತು ಎನಿಸಿದಾಗ "ಹ್ಞೂ ಫಾದರ್, ಆಯ್ತು" ಅನ್ನುವೆ. ಅವರು ಮಾಡಿದ್ದರಿಂದ ಹೋದ ಕಿವಿ, ಅವರದೇ ಮಾತು ಅದಕ್ಕೆ ಮುಟ್ಟದು. ಅದರಲ್ಲಿ ನನಗೊಂದು ಖುಷಿ ಇತ್ತು, ಮುಚ್ಚಿಡುವುದಿಲ್ಲ.

ಬರುವಾಗ ತಾವಿದ್ದ ಚರ್ಚಿನ ಬಂಗಲೆಯ ಹಿತ್ತಲಿನ ರಸಬಾಳೆ ತರುವರು. ಹಾಳೆಯ ಪಕ್ಕ ಇಟ್ಟು ಹೋಗುವರು. ಒಂದು ಹಣ್ಣೂ ನಾನು ಬಾಯಿಗಿಟ್ಟಿಲ್ಲ. ಪಕ್ಕದ ಟೀ ಅಂಗಡಿಯವಳ ಮೇಕೆ ತಿಂದು ಕೊಬ್ಬಿತು.

ಸುಳ್ಳು ಹೇಳಿದರೆ ಬಾಯಿಗೆ ಹುಳ ಬೀಳುತ್ತದೆ, ಅದಕ್ಕೆ ಇದನ್ನೂ ಬರೆಯುತ್ತೇನೆ. ಕೊರೊನಾದಲ್ಲಿ ಕವಲಂದೆ ಕಡೆಯ ಒಬ್ಬ ಮುದುಕ ತೀರಿಕೊಂಡಾಗ ಹೆತ್ತ ಮಕ್ಕಳು ರಸ್ತೆಯ ಆಚೆ ನಿಂತುಬಿಟ್ಟರು. ಇವರು ಆ ಪ್ಲಾಸ್ಟಿಕ್ ಅಂಗಿ ಹಾಕಿಕೊಂಡು, ಹಗ್ಗದ ಒಂದು ತುದಿ ಹಿಡಿದು ಪೆಟ್ಟಿಗೆಯನ್ನು ಗುಂಡಿಗಿಳಿಸಿದರು. ಮರಣ ಪತ್ರದ ಅರ್ಜಿಗೆ ಮಕ್ಕಳ ಸಹಿ ಬೇಕೆಂದು ಹೋಗಿದ್ದ ನಾನು ದೂರದಿಂದ ನೋಡಿದೆ. ಬೆವರಿನಲ್ಲಿ ಕನ್ನಡಕ ಜಾರುತ್ತಿತ್ತು, ಹಗ್ಗ ಬಿಡಲಿಲ್ಲ. ಮೆಚ್ಚಿದೆನೋ ಎಂದರೆ ಇಲ್ಲ. ಇಷ್ಟು ಧೈರ್ಯ ಇರುವ ಮನುಷ್ಯನಿಗೆ ಒಂದು ಸಾಲು ಬರೆಯುವುದಕ್ಕೆ ಏನು ರೋಗ ಎಂದು ಕೋಪ ದುಪ್ಪಟ್ಟಾಯಿತು.

ಮೂರು ವರ್ಷವಾದ ಮೇಲೆ ನನಗೆ ಬೇಸರ ಹತ್ತಿತು. ಹಾಳೆಯ ಮೊದಲ ಎರಡು ಸಾಲು ನೋಡಿದರೆ ಸಾಕು, ಹೋದ ವರ್ಷದ್ದೋ ಅದರ ಹಿಂದಿನ ವರ್ಷದ್ದೋ ತಿಳಿದುಬಿಡುತ್ತಿತ್ತು. ಬರೆದದ್ದನ್ನೇ ಬರೆಯುತ್ತಿದ್ದರು. ನಾನೇಕೆ ಟೈಪ್ ಹೊಡೆದದ್ದನ್ನೇ ಹೊಡೆಯಲಿ? ಹಳೆಯ ಫೈಲ್ ತೆಗೆದು, ಮೇಲಿನ ತಾರೀಕು ಬದಲಾಯಿಸಿ, ಪ್ರಿಂಟ್ ಕೊಟ್ಟುಬಿಡುತ್ತಿದ್ದೆ. ನಮ್ಮ ಕಸುಬಿನವರೆಲ್ಲ ಮಾಡುವ ಕೆಲಸವೇ. ಅಲ್ಲಲ್ಲಿ ಒಂದೆರಡು ಮಾತು ಹೆಚ್ಚು ಕಡಿಮೆಯಾದರೂ ಅವರು ಕೇಳಲಿಲ್ಲ, ಕೇಳಿಸಿಕೊಂಡ ಜನಕ್ಕೂ ತಿಳಿಯಲಿಲ್ಲ. ಅವರ ಕೈಬರಹದ ಹಾಳೆಯನ್ನು ಬೇರೆ ಗಿರಾಕಿಗಳ ಹಾಳೆಯ ಹಾಗೆ ಗೋಡೆಯ ತಂತಿಗೆ ಚುಚ್ಚುತ್ತಿದ್ದೆ.

ಎರಡು ವರ್ಷದ ಹಿಂದೆ, ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲದ ಒಂದು ಶುಕ್ರವಾರ. ತಾಲ್ಲೂಕು ಆಫೀಸಿನ ಸರ್ವರ್ ಬೆಳಿಗ್ಗೆಯಿಂದ ಸತ್ತು ಆಗ ತಾನೇ ಎದ್ದಿತ್ತು. ಅಂಗಡಿ ತುಂಬ ಪಹಣಿಯವರು, ಜಾತಿ ಆದಾಯ ಪತ್ರದವರು. ಗುರುಗಳು ಬಂದು ಸ್ಟೂಲಿನ ಮೇಲೆ ಕೂತರು. ಹಾಳೆ ಕೊಟ್ಟು ಏನೋ ಹೇಳಿದರು. "ಹ್ಞೂ, ಆಯ್ತು," ಅಂದೆ. ಮತ್ತೆ ಹೇಳಿದರು, ನನ್ನ ಕಡೆ ಬಗ್ಗಿ. "ಆಯ್ತು ಫಾದರ್, ಆಯ್ತು," ಅಂದೆ. ಎದ್ದು ಹೋದರು. ಅವತ್ತು ಎಂದಿನ ಟೀ ಕುಡಿಯಲಿಲ್ಲ. ಹಾಳೆ ನೋಡಿದೆ. ಕ್ಷಮೆ ಎಂಬುದು ಒಳಗಿನಿಂದ ಮಾತ್ರ ತೆಗೆಯಬಹುದಾದ ಬಾಗಿಲು ಎಂದು ಶುರುವಾಗಿತ್ತು. ಇದು ಮೂರನೆಯ ಸಲ. ಹಳೆಯ ಫೈಲ್ ತೆಗೆದೆ, ಪ್ರಿಂಟ್ ಕೊಟ್ಟೆ, ತಂತಿಗೆ ಚುಚ್ಚಿದೆ.

ಆ ಭಾನುವಾರ ಅವರು ಪೀಠದಲ್ಲಿ ನನ್ನ ಪ್ರಿಂಟ್ ಓದುತ್ತಾ ಓದುತ್ತಾ ಕೊನೆಯಲ್ಲಿ ನಿಂತುಬಿಟ್ಟರು. ಹಾಳೆ ತಿರುಗಿಸಿ ನೋಡಿದರು. ತಲೆ ಎತ್ತಿ ಹೆಂಗಸರ ಸಾಲಿನ ಕೊನೆಯ ಬೆಂಚಿನ ಕಡೆ, ನನ್ನ ಕಡೆ ನೋಡಿದರು. ನಡುವೆ ನಿಲ್ಲಿಸಿ ಮುಖ ನೋಡುವುದು ಅವರ ಹಳೆಯ ಚಾಳಿ, ನಾಚಿಸುವ ಉಪಾಯ. ಇವತ್ತು ನನ್ನ ಸರದಿಯೋ ಎಂದುಕೊಂಡು ಕೈ ಕಟ್ಟಿಕೊಂಡು ನಾನೂ ದುರುಗುಟ್ಟಿ ನೋಡಿದೆ. ಯಾರೋ ಕೆಮ್ಮಿದರು. ಅವರು ಕಣ್ಣು ಕೆಳಗೆ ಹಾಕಿ, ಹಾಳೆ ಮಡಿಚಿ, ಪೂಜೆ ಮುಂದುವರಿಸಿದರು.

ಅವತ್ತಿನಿಂದ ಅವರು ಸ್ಟೂಲಿನ ಮೇಲೆ ಕೂರಲಿಲ್ಲ. ಬಾಗಿಲಲ್ಲೇ ನಿಂತು ಹಾಳೆ ಕೊಟ್ಟು, ಹಣ್ಣು ಇಟ್ಟು, ತಲೆ ಬಾಗಿಸಿ ಹೋಗುವರು. ಯಾರನ್ನೂ ಪೀಠದ ಮುಂದಕ್ಕೆ ಕರೆದು ಶಾಂತಿ ಕೊಡಿಸುವುದನ್ನೂ ಬಿಟ್ಟರು. ವಯಸ್ಸಾಯಿತು, ಸೊಕ್ಕೂ ಬಂತು ಎಂದುಕೊಂಡೆ.

ಹೋದ ತಿಂಗಳು ಮೈಸೂರಿನ ಆಸ್ಪತ್ರೆಯಲ್ಲಿ ಎದೆನೋವಿನಿಂದ ಹೋದರು. ಸುದ್ದಿ ಕೇಳಿದಾಗ ನನಗೆ ಅಳು ಬರಲಿಲ್ಲ. ಆ ಸಾಲು ಇನ್ನು ಬರುವುದಿಲ್ಲವಲ್ಲ ಎಂದುಕೊಂಡೆ. ಮೋಸ ಮಾಡಿ ಹೋದರು ಎನಿಸಿತು.

ಫ್ಲೆಕ್ಸ್ ಆಗಿ ವಾರವಾದ ಮೇಲೆ ಜೋಸೆಫಣ್ಣ ಮತ್ತೆ ಬಂದ. ಮೂವತ್ತನೆಯ ದಿನದ ಪೂಜೆಗೆ ಅವರ ಚಿಂತನೆಗಳದ್ದು ಒಂದು ಪುಸ್ತಕ ಮಾಡಬೇಕು, ಫೈಲೆಲ್ಲ ನನ್ನ ಕಂಪ್ಯೂಟರಿನಲ್ಲೇ ಇವೆ. "ರಟ್ಟಿನ ಮೇಲಕ್ಕೆ ಅವ್ರ ಕೈಬರಾದ್ದು ಒಂದಾಳೆ ಬೇಕು ಅಕ್ಕ. ಚೆಂದಾಗಿರೋದು ನೋಡಿ ಸ್ಕ್ಯಾನ್ ಮಾಡಿಡು," ಅಂದ.

ತಂತಿ ಕೆಳಗಿಳಿಸಿದೆ. ಧೂಳು. ಒಂದೊಂದೇ ಹಾಳೆ ಬಿಡಿಸಿದೆ. ಕ್ಷಮೆಯನ್ನು ಬಾಗಿಲು ಎಂದಿದ್ದ ಆ ಹಾಳೆ ಸಿಕ್ಕಿತು, ಅಕ್ಷರ ಮುದ್ದಾಗಿತ್ತು. ಸ್ಕ್ಯಾನರಿನ ಗಾಜಿನ ಮೇಲೆ ಮಗುಚಿ ಹಾಕಿದೆ. ಹಾಕಿದಾಗ ಹಾಳೆಯ ಹಿಂಬದಿ ಮೇಲೆ ಬಂತು. ಅದರ ತುಂಬ ನೀಲಿ ಇಂಕು. ಅವರು ಯಾವತ್ತೂ ಹಿಂಬದಿಯಲ್ಲಿ ಬರೆಯುತ್ತಿರಲಿಲ್ಲ.

ಇದ್ದದ್ದನ್ನು ಇದ್ದಹಾಗೆ ಇಳಿಸುತ್ತೇನೆ.

"ಇಲ್ಲಿಯವರೆಗೆ ಬರೆದದ್ದನ್ನು ನೀವು ಮೊದಲೂ ಕೇಳಿದ್ದೀರಿ. ಇನ್ನು ಹೇಳುವುದು ನನ್ನ ಪಾಪ. ಬಹಳ ವರ್ಷದ ಹಿಂದೆ ಇದೇ ಪೀಠದ ಮುಂದೆ, ಹೊಡೆಯುವ ಗಂಡನಿಂದ ತಪ್ಪಿಸಿಕೊಂಡು ಬಂದಿದ್ದ ಒಬ್ಬ ಹೆಣ್ಣುಮಗಳ ಕೈ ಹಿಡಿದು ನಾನು ಅವನಿಗೇ ಕೊಟ್ಟೆ. ಹೋಗುವುದಿಲ್ಲ ಎಂದು ಅವಳು ಹೇಳಿದ್ದಳು. ನಾನು ನಕ್ಕೆ. ನೀವು ಚಪ್ಪಾಳೆ ತಟ್ಟಿದಿರಿ, ತಟ್ಟಿಸಿದವನು ನಾನು. ಆಮೇಲೆ ಅವನ ಏಟಿಗೆ ಅವಳ ಒಂದು ಕಿವಿ ಹೋಯಿತು. ಅದಕ್ಕೆ ನಾನು ಕ್ಷಮೆ ಎಂದು ಹೆಸರಿಟ್ಟಿದ್ದೆ. ಅದು ಕ್ಷಮೆಯಲ್ಲ, ನನ್ನ ಹಟ. ಅವಳನ್ನು ಠಾಣೆಗೆ ಕರೆದುಕೊಂಡು ಹೋಗಬೇಕಾಗಿತ್ತು. ನನ್ನನ್ನು ಕ್ಷಮಿಸು ಎಂದು ಅವಳನ್ನು ನಾನು ಕೇಳುವುದಿಲ್ಲ. ಕೇಳಿದರೆ ಮತ್ತೆ ಅವಳ ತಲೆಗೇ ಹೊರೆ ಹೊರಿಸಿದ ಹಾಗೆ. ತಪ್ಪು ನನ್ನದು ಎಂದು ನಿಮ್ಮೆದುರಿಗೆ ಹೇಳುವುದಷ್ಟೇ ನನ್ನ ಕೆಲಸ."

ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು: "ಫಿಲೋಮಿನ, ಜನರೆದುರಿಗೆ ಇದು ಬರುವುದು ನಿನಗೆ ಬೇಡವೆನಿಸಿದರೆ ತೆಗೆದುಬಿಡು. ನಾನು ಏನೂ ಕೇಳುವುದಿಲ್ಲ."

ಅವತ್ತು ಸ್ಟೂಲಿನ ಮೇಲೆ ಕೂತು ಎರಡು ಸಲ ಹೇಳಿದ್ದು ಇದೇ ಇರಬೇಕು. ನಾನು ಆಯ್ತು ಫಾದರ್, ಆಯ್ತು ಎಂದಿದ್ದೆ. ಭಾನುವಾರ ಹಾಳೆ ತಿರುಗಿಸಿ ನೋಡಿದರೆ ಅದು ಅಲ್ಲಿರಲಿಲ್ಲ. ನಾನೇ ತೆಗೆದೆ ಎಂದುಕೊಂಡರು. ನನ್ನ ಮುಖ ನೋಡಿದರು, ನಾನು ದುರುಗುಟ್ಟಿದೆ.

ಅಂಗಡಿಯ ಶಟರ್ ಅರ್ಧ ಎಳೆದುಕೊಂಡು ಅತ್ತೆ. ಯಾರಿಗಾಗಿ ಎಂದು ನನಗೇ ಗೊತ್ತಿಲ್ಲ. ಅತ್ತು ಮುಗಿದ ಮೇಲೆ ಸಿಟ್ಟು ಬಂತು, ಅವರ ಮೇಲೆಯೇ. ಕಾಗದದಲ್ಲಿ ಇಲ್ಲದಿದ್ದರೆ ಬಾಯಲ್ಲಿ ಹೇಳಬಾರದಿತ್ತೇ? ಎರಡು ವರ್ಷ, ನೂರು ಶುಕ್ರವಾರ ಬಾಗಿಲಲ್ಲಿ ನಿಂತವರು ಒಳಗೆ ಬಂದು, ಯಾಕಮ್ಮ ತೆಗೆದೆ ಎಂದು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳುವುದಿಲ್ಲ ಎಂದು ಬರೆದುಕೊಟ್ಟರು, ಹಾಗೆಯೇ ಕೇಳದೆ ಸತ್ತರು. ಅದೂ ಹಟವೇ. ನನ್ನದೂ ಹಟವೇ. ಹಾಗೆಂದು ಅವರ ತಪ್ಪು ಸಣ್ಣದಾಗುವುದಿಲ್ಲ.

ಜೋಸೆಫಣ್ಣ ಬಂದಾಗ ಸ್ಟೂಲನ್ನು ಬಲಗಡೆಗೆ ಎಳೆದು ಹಾಕಿದೆ. "ಈ ಕಡೆ ಕೂತ್ಕೊ, ಆ ಕಡೆಯಿಂದ ನಂಗೆ ಕೇಳ್ಸಲ್ಲ," ಅಂದೆ. ಹಾಳೆಯನ್ನು ಕೈಗೆ ಕೊಟ್ಟೆ. ಓದಿದ. ಎರಡು ಸಲ ಓದಿದ.

"ಇದು ಬುಕ್ಕಿಗೆ ಬ್ಯಾಡ ಕಣಕ್ಕ. ಸತ್ತೋರ ಮರ್ವಾದೆ ಓಯ್ತದೆ."

"ಬರೆದೋರು ಅವ್ರೇ. ಅವ್ರಿಗಿಲ್ಲದ ಮರ್ವಾದೆ ನಿಂಗ್ಯಾಕೆ?"

"ಆದ್ರೂ ಈಗ ಯಾಕಕ್ಕ? ಎಲ್ರೂ ಮರ್ತವ್ರೆ."

"ನೀನೂ ಮರ್ತಿದ್ದೀಯಾ? ಎರಡನೇ ಬೆಂಚಲ್ಲಿ ಕೂತ್ಕೊಂಡು ನೀನೂ ಚಪ್ಪಾಳೆ ತಟ್ಟಿದ್ದೆ ಜೋಸೆಫಣ್ಣ."

ಅವನು ಹಾಳೆಯನ್ನು ಮಂಡಿಯ ಮೇಲಿಟ್ಟುಕೊಂಡು ಕೂತ. "ತಟ್ಟಿದ್ದೆ," ಅಂದ.

"ಬುಕ್ಕಲ್ಲಿ ಇದು ಮೊದಲನೇ ಪುಟ. ಇಲ್ದಿದ್ರೆ ನನ್ನ ಕಂಪ್ಯೂಟರಿಂದ ಒಂದಕ್ಸರ ಆಚೆ ಬರಲ್ಲ. ಆಮೇಲೆ, ಪೂಜೇಲಿ ಇದನ್ನ ಓದೋಳು ನಾನು."

ಸಮಿತಿಯಲ್ಲಿ ದೊಡ್ಡ ರಂಪವಾಯಿತಂತೆ. ಹೊಸ ಗುರುಗಳು ಚಿಕ್ಕ ವಯಸ್ಸಿನವರು, ಹಾಳೆ ನೋಡಿ, ಪೂಜೆಯಲ್ಲಿ ಓದಿಸಿ ಎಂದರಂತೆ. ಜೋಸೆಫಣ್ಣನೂ ನನ್ನ ಕಡೆ ನಿಂತನಂತೆ.

ಮೂವತ್ತನೆಯ ದಿನ ಚರ್ಚು ತುಂಬಿತ್ತು. ಶಾಂತಿ ಕೊಡುವ ಹೊತ್ತಿಗೆ ಹೊಸ ಗುರುಗಳು ನನ್ನ ಕಡೆ ನೋಡಿದರು. ಕೊನೆಯ ಬೆಂಚಿನಿಂದ ಎದ್ದು, ಆವತ್ತು ನಡೆದ ದಾರಿಯಲ್ಲೇ ಮುಂದಕ್ಕೆ ನಡೆದೆ. ಈ ಸಲ ಯಾರೂ ಬೆನ್ನಿಗೆ ತಿವಿಯಲಿಲ್ಲ. ಮೈಕಿನ ಮುಂದೆ ನಿಂತು ಓದಿದೆ. ಅವರ ಹಾಗೆಯೇ ಕಾಗದ ನೋಡಿಕೊಂಡು, ಒಂದಕ್ಷರ ಬಿಡದೆ. ಯಾರು ಆ ಹೆಣ್ಣುಮಗಳು ಎಂದು ಹೊಸಬರು ಅತ್ತಿತ್ತ ನೋಡಿದರು. ಓದಿ ಮುಗಿಸಿ, "ಅದು ನಾನೇ," ಅಂದೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ನನಗೆ ಬೇಕಾಗಿದ್ದದ್ದು ಅದೇ.

ಪೂಜೆ ಮುಗಿದ ಮೇಲೆ ಹೊಸ ಗುರುಗಳು ಬಾಗಿಲ ಹತ್ತಿರ ಬಂದು, ನನ್ನ ಬಲಗಡೆಯೇ ನಿಂತು, ಮೆಲ್ಲಗೆ ಕೇಳಿದರು, "ಅಮ್ಮ, ಅವರನ್ನ ಕ್ಷಮಿಸಿದ್ರಾ?"

"ಅವ್ರೇ ಕೇಳ್ನಿಲ್ಲ ಫಾದರ್," ಅಂದೆ. "ನೀವ್ಯಾಕೆ ಕೇಳ್ತೀರಿ?"